ಶೋಭಾ ಟೀಚರ್ ಬರೆದ ಊಟದ ವಹಿ

ಎದುರಿಗೆ ಯಾರಾದರೂ ಹಸಿದು ಕುಳಿತಿದ್ದರೆ ಶೋಭಾ ಟೀಚರ್‌ಗೆ ತಡೆಯಲು ಆಗುತ್ತಿರಲಿಲ್ಲ. ಚಿಕ್ಕೋಡಿಯ ಆಸ್ಪತ್ರೆಯಲ್ಲಿ ನಾನು ಕೆಲಸಕ್ಕೆ ಕೂರುತ್ತಿದ್ದ ಕೋಣೆಗೆ ಗುರುವಾರ ಬಂದರೆಂದರೆ ಕೈಯಲ್ಲಿ ಸ್ಟೀಲ್ ಡಬ್ಬಿ ಇದ್ದೇ ಇರುತ್ತಿತ್ತು. ಕಾಂಪೌಂಡರ್‌ಗೆ ಖಾರ ಹೆಚ್ಚಿಗೆ ಹಾಕಿದ ಶೇಂಗಾ ಚಟ್ನಿ, ಸಕ್ಕರೆ ಕಾಯಿಲೆಯ ಆಯಾಗೆ ಜೋಳದ ಹಿಟ್ಟಿನ ದಪಾಟಿ, ನನಗೆ ತುಪ್ಪ ಸವರಿದ ಶೇಂಗಾ ಹೋಳಿಗೆ. ನಾವು ತಿನ್ನುವುದನ್ನು ಕಣ್ಣು ಕೀಳದೆ ನೋಡುತ್ತಿದ್ದರು. ತಾವು ಒಂದು ಚೂರೂ ಬಾಯಿಗೆ ಹಾಕುತ್ತಿರಲಿಲ್ಲ.

ಅಲಖನೂರಿನವರು, ರಾಯಬಾಗದ ಕಡೆಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದರು. ಮೂವತ್ತಾರು ವಯಸ್ಸು. ಮದುವೆಯಾಗಿರಲಿಲ್ಲ, ಅಣ್ಣ ಅಪ್ಪಾಸಾಹೇಬರ ಮನೆಯಲ್ಲಿದ್ದರು. ಪಾಠ ಮಾಡುತ್ತ ಎರಡು ಸಲ ಬೋರ್ಡಿನ ಮುಂದೆಯೇ ಕುಸಿದ ಮೇಲೆ ಅಣ್ಣ ಕರೆತಂದರು. ಡಾಕ್ಟರು ಎಲ್ಲ ತಪಾಸಣೆ ಮಾಡಿಸಿ, ಬೇರೆ ರೋಗ ಸಿಗದೆ, ಆಪ್ತಸಮಾಲೋಚಕಿಯಾದ ನನ್ನ ಬಳಿ ಕಳಿಸಿದರು. ಅದು ಎರಡು ಸಾವಿರದ ಒಂಬತ್ತನೆಯ ಇಸವಿ. ಅನೊರೆಕ್ಸಿಯಾ ಎಂಬ, ಅನ್ನಕ್ಕೇ ಹೆದರುವ ಈ ಕಾಯಿಲೆಯನ್ನು ನಾನು ಪುಸ್ತಕದಲ್ಲಿ ಮಾತ್ರ ಓದಿದ್ದೆ. ಅದು ದೊಡ್ಡ ಶಹರದ ಹುಡುಗಿಯರಿಗೆ ಬರುವಂಥದ್ದು ಎಂದುಕೊಂಡಿದ್ದೆ.

ಊರಲ್ಲಿ ಅದಕ್ಕೆ ವ್ರತ ಎಂಬ ಹೆಸರಿತ್ತು. ಸೋಮವಾರ, ಗುರುವಾರ, ಸಂಕಷ್ಟಿ, ಏಕಾದಶಿ ಎಂದು ಟೀಚರ್ ಉಪವಾಸವಿದ್ದರೆ ಹೆಂಗಸರು ಬಂದು ಕಾಲಿಗೆ ಬೀಳುತ್ತಿದ್ದರು. "ಹಸದ ಹೆಂಗಸರಿಗೆ ನಮ್ಮೂರಾಗ ಬೆಲಿ ಇಲ್ರಿ ಮೇಡಂ, ಉಪಾಸ ಅಂದ್ರ ಕೈ ಮುಗೀತಾರ" ಎಂದು ಒಮ್ಮೆ ನಕ್ಕಿದ್ದರು. ಇನ್ನೊಂದು ದಿನ, ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ತಾಟಿನ ಮುಂದ ಕುಂತ್ರ ಒಳಗಿಂದ ಯಾರೋ ಕುತ್ತಿಗಿ ಹಿಡದಂಗ ಆಕ್ಕೈತಿ. ಇದನ್ನ ನಮ್ಮಣ್ಣಗ ಹೇಳಬ್ಯಾಡ್ರಿ" ಎಂದರು. ಈ ಕೋಣೆಯ ಮಾತು ಹೊರಗೆ ಹೋಗುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ದಿನವೂ ಉಂಡದ್ದನ್ನು ಒಂದು ವಹಿಯಲ್ಲಿ ಬರೆದು ತರಲು ಹೇಳಿದ್ದೆ. ಎಷ್ಟು ಚೆಂದ ಬರೆಯುತ್ತಿದ್ದರು! ಎಣ್ಣೆಗಾಯಿಯ ಬದನೆ ಬಾಯಲ್ಲಿ ಹೇಗೆ ಒಡೆಯಿತು, ಕಡಲೆಹಿಟ್ಟಿನ ಝುಣಕದ ಜೊತೆ ಹಸಿ ಉಳ್ಳಾಗಡ್ಡಿ ಹೇಗೆ ಹಿತವಾಯಿತು ಎಂದು. ಓದುತ್ತ ನನ್ನ ಬಾಯಲ್ಲೇ ನೀರೂರುತ್ತಿತ್ತು. ತೂಕ ಮಾತ್ರ ಏರಲಿಲ್ಲ. "ಸಾವಕಾಶ ಏರತೈತ್ರಿ" ಎನ್ನುತ್ತಿದ್ದರು. ನಾನು ತಕ್ಕಡಿಗಿಂತ ವಹಿಯನ್ನೇ ಹೆಚ್ಚು ನಂಬಿದೆ. ಬೆಳಗಾವಿಯ ತರಬೇತಿಯೊಂದರಲ್ಲಿ, ಹೆಸರು ಹೇಳದೆ, ಅವರನ್ನು ನನ್ನ ಗೆಲುವೆಂದು ವಿವರಿಸಿ ಚಪ್ಪಾಳೆಯನ್ನೂ ಪಡೆದೆ.

ಎಂಟು ತಿಂಗಳಾದ ಮೇಲೆ ಅವರ ಅತ್ತಿಗೆ ಮಂಗಲ, ಮಗಳಿಗೆ ಜ್ವರವೆಂದು ಆಸ್ಪತ್ರೆಗೆ ಬಂದವರು ನನ್ನ ಬಾಗಿಲಲ್ಲಿ ನಿಂತರು.

"ಮೇಡಂ, ನಾ ಇನ್ನ ಎಷ್ಟ ದಿನಾ ಬರಸಬೇಕ್ರಿ?"

"ಏನ ಬರಸೂದು?"

"ಊಟದ ವಹಿ. ದಿನಾ ಸಂಜಿಕ ಕುಂಡ್ರಿಸಿ ಕೇಳ್ತಾಳ, ವೈನಿ ಇವತ್ತ ಏನ ಉಂಡ್ರಿ, ಬಾಯಿಗಿ ಹೆಂಗಾತು ಅಂತ. ನಾ ಹೇಳಿದ್ದ ಬರಕೋತಾಳ. ನೀವ ಹೇಳೀರಂತಲ್ರಿ?"

"ಆಕಿ ಏನ ಉಣ್ತಾಳ?"

"ಶಾಳ್ಯಾಗ ಉಂಡ ಬರ್ತೀನಿ ಅಂತಾಳ."

ಆ ಗುರುವಾರ ವಹಿಯನ್ನು ಮೇಜಿನ ಮೇಲಿಟ್ಟೆ. "ನನಗ ಮೋಸ ಮಾಡಿದ್ರಿ ಟೀಚರ್."

ಅವರು ಗಾಬರಿಯಾಗಲಿಲ್ಲ. "ಅದರಾಗ ಸುಳ್ಳ ಒಂದೂ ಇಲ್ರಿ. ಎಲ್ಲಾ ಖರೇನ ಉಂಡದ್ದು. ಯಾರ ಉಂಡ್ರು ಅಂತ ನೀವ ಕೇಳಲಿಲ್ಲ." ವಹಿಯನ್ನು ನನ್ನ ಕಡೆಗೆ ಸರಿಸಿ, "ಓದುವಾಗ ನಿಮ್ಮ ಮುಖ ಅಷ್ಟ ಖುಷಿ ಆಗತಿತ್ತು, ಅದನ್ನ ಕೆಡಸಾಕ ಮನಸ ಬರಲಿಲ್ಲ. ಈಗ ನೀವ ಕೂತದ್ದು ನನಗ ಏನಾಗೈತಿ ಅಂತ ಕೇಳಾಕೊ, ನಿಮಗ ಏನಾತು ಅಂತ ಹೇಳಾಕೊ?" ಎಂದರು.

ಅವರಿನ್ನೂ ಕುಳಿತಿದ್ದಾಗಲೇ ಅಂದು ಜೊತೆಗೆ ಬಂದು ಹೊರಗೆ ಕುಳಿತಿದ್ದ ಅಪ್ಪಾಸಾಹೇಬರನ್ನು ಕರೆದೆ. ಜೀವಕ್ಕೆ ಅಪಾಯವಿತ್ತು, ಹೇಳಲೇಬೇಕಿತ್ತು. ಆದರೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ವಹಿಯ ಸಂಗತಿಯ ಜೊತೆಗೆ, ಕುತ್ತಿಗೆ ಹಿಡಿದಂತಾಗುವ ಮಾತನ್ನೂ, ಹೇಳಬೇಡಿ ಎಂದಿದ್ದ ಇನ್ನೂ ಎಷ್ಟನ್ನೋ ಸಿಟ್ಟಿನಲ್ಲಿ ಹೇಳಿಬಿಟ್ಟೆ. ಟೀಚರ್ ತಲೆ ತಗ್ಗಿಸಿ ಕೇಳಿದರು. ಅಣ್ಣ ಅಳುತ್ತ, "ಏನವ್ವಾ ಇದು" ಎಂದಾಗ ಟೀಚರ್ ತಲೆ ಎತ್ತಿ ನನ್ನ ಕಡೆಗೇ ನೋಡಿದರು.

ಮರುದಿನವೇ ಮಿರಜಿನ ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು. ವಾರದ ನಂತರ ನೋಡಲು ಹೋದೆ. ಗಂಜಿ ಕುಡಿಯುತ್ತಿದ್ದವರು ಬಟ್ಟಲು ಕೆಳಗಿಟ್ಟು, "ಇಲ್ಲೆ ಡಾಕ್ಟರು ಹೇಳಿದಂಗ ಕೇಳಾಕತ್ತೇನ್ರಿ. ನೀವ ಇಷ್ಟ ದೂರ ಬರಬ್ಯಾಡ್ರಿ" ಎಂದರು. ಅಥಣಿ ಕಡೆಗೆ ವರ್ಗ ಮಾಡಿಸಿಕೊಂಡರೆಂದು ಆಮೇಲೆ ಕೇಳಿದೆ.

ಐದು ವರ್ಷದ ಮೇಲೆ ನಿಪ್ಪಾಣಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಡರು. ಕೂದಲು ನೆರೆತಿತ್ತು. ಮೈ ಇನ್ನೂ ತೆಳುವೇ, ಆದರೆ ನಡಿಗೆಯಲ್ಲಿ ಬಲವಿತ್ತು. ಜೊತೆಗೆ ಅವರ ಶಾಲೆಯ ಇನ್ನೊಬ್ಬ ಶಿಕ್ಷಕಿ. ನಾನು ಎದುರು ಹೋಗಿ ನಿಂತೆ. ಕ್ಷಮೆ ಕೇಳಬೇಕೆಂದಿದ್ದೆನೋ, ನನಗಾದ ನೋವನ್ನೇ ಇನ್ನೊಮ್ಮೆ ಹೇಳಬೇಕೆಂದಿದ್ದೆನೋ, ಇಂದಿಗೂ ತಿಳಿಯದು.

"ಯಾರ್ರಿ ಇವರು?" ಎಂದು ಆ ಶಿಕ್ಷಕಿ ಕೇಳಿದರು.

ಟೀಚರ್ ನನ್ನನ್ನು ನೇರವಾಗಿ ನೋಡಿದರು. "ನಮ್ಮಣ್ಣನ ಪರಿಚಯದವರು."

"ಹೌದ್ರಿ," ಎಂದೆ. "ಅಪ್ಪಾಸಾಹೇಬರ ಪರಿಚಯ."

ಅಷ್ಟರಲ್ಲಿ ಅವರ ಬಸ್ಸು ಬಂತು.