ರುಕ್ಮವ್ವನ ಹಾಡಿಗೆ ಬೇರೆಯವರ ದನಿ

ಧರೆಪ್ಪನ ಹೆಂಡತಿಯ ದನಿಯನ್ನು ಅಳಿಸಿದವನು ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಮೇಲೆ ಏರಿ ಬರುವುದು ಬೇಡ. ನಿಪ್ಪಾಣಿಯಲ್ಲಿ ನನ್ನದೊಂದು ವಿಡಿಯೊ ಮಿಕ್ಸಿಂಗ್ ಅಂಗಡಿ ಇತ್ತು. ಸುತ್ತಲಿನ ಊರುಗಳ ಮದುವೆ ಕ್ಯಾಸೆಟ್ಟುಗಳೆಲ್ಲ ನನ್ನ ಕೈ ದಾಟಿಯೇ ಹೋಗಬೇಕಿತ್ತು. ಶೂಟಿಂಗಿನಲ್ಲಿ ಬಂದ ಸದ್ದನ್ನೆಲ್ಲ ಅಳಿಸಿ, ಮೇಲೆ ಸಿನಿಮಾ ಹಾಡು ಕೂಡಿಸುವುದು ಆಗಿನ ರೂಢಿ. ಮಂತ್ರ, ಬ್ಯಾಂಡು, ಬೀಗರ ಜಗಳ ಏನೂ ಉಳಿಯುತ್ತಿರಲಿಲ್ಲ. ಮದುಮಗಳು ಬಿಕ್ಕಿ ಬಿಕ್ಕಿ ಅತ್ತರೂ ಟಿವಿಯಲ್ಲಿ ಬಾಯಿ ಮಾತ್ರ ತೆರೆದುಕೊಳ್ಳುತ್ತಿತ್ತು. ಜನಕ್ಕೆ ಅದೇ ಚೆಂದ ಕಾಣುತ್ತಿತ್ತು, ನಾನೇನು ಮಾಡಲಿ?

ಧರೆಪ್ಪ ಬೇಡಕಿಹಾಳದವನು. ಮನೆಯಲ್ಲಿ ಕಬ್ಬಿನ ಹೊಲವಿತ್ತು. ಅದನ್ನು ತಮ್ಮಂದಿರ ಕೈಗೆ ಬಿಟ್ಟು, ತಾನು ಕ್ಯಾಮೆರಾ ಹೆಗಲಿಗೇರಿಸಿ ಮದುವೆ ಮದುವೆ ತಿರುಗುತ್ತಿದ್ದ. ಟಿವಿಯಲ್ಲಿ ಹಾಡು ಬಂದರೆ ಎಲ್ಲರೂ ಕುಣಿಯುವವರನ್ನು ನೋಡುತ್ತಾರೆ, ಈ ಪುಣ್ಯಾತ್ಮ ನೆರಳು ನೋಡುತ್ತಿದ್ದ.

"ದಾದಾ, ಲೈಟ್ ಎಡಕ್ಕ ಇಟ್ಟಾರ ನೋಡ. ಮೂಗಿನ ನೆರಳ ಬಲಕ್ಕ ಬಿದ್ದೈತಿ. ಕ್ಯಾಮೆರಾ ಕೆಳಗ ಕುಂತೈತಿ, ಅದಕ್ಕ ಆಕಿ ಅಷ್ಟ್ ಎತ್ತರ ಕಾಣತಾಳ."

"ನಿನ್ನ ತಲಿ! ಹುಡುಗೀನ್ನ ನೋಡೋ ಮಾರಾಯಾ," ಎಂದು ನಾನು ಬೈಯುತ್ತಿದ್ದೆ.

ತೊಂಬತ್ತೆರಡರಲ್ಲಿ ತಾನೂ ಒಂದು ಹಾಡಿನ ವಿಡಿಯೊ ಮಾಡಬೇಕೆಂಬ ಹುಚ್ಚು ಅವನ ತಲೆಗೇರಿತು. ಹೆಂಡತಿ ರುಕ್ಮವ್ವ ಬೀಸುವ ಹಾಡು ಹಾಡುತ್ತಿದ್ದಳು. ಊರಿಗೆ ಗಿರಣಿ ಬಂದು ಎಷ್ಟೋ ವರ್ಷವಾಗಿತ್ತು, ಆದರೂ ಮೂಲೆಯಲ್ಲಿದ್ದ ಬೀಸುಕಲ್ಲನ್ನು ತೊಳೆದು ಪಡಸಾಲೆಗೆ ತಂದ. ದೀಪದ ಬೆಳಕು ನೇರವಾಗಿ ಮುಖಕ್ಕೆ ಬಿದ್ದರೆ ಸುಣ್ಣ ಬಳಿದಂತೆ ಕಾಣುತ್ತದೆಂದು, ಎದುರಿಗೆ ತನ್ನ ಒಗೆದ ಧೋತರ ಕಟ್ಟಿ, ಅದಕ್ಕೆ ಬಡಿದು ವಾಪಸು ಬಂದ ಬೆಳಕಿನಲ್ಲಿ ಅವಳನ್ನು ಕೂರಿಸಿದ. ಆ ಮುಖ ಅಷ್ಟು ಚೆಂದ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆ ಶುರು ಮಾಡಿ, ಒಂದೇ ಹಾಡನ್ನು ಹತ್ತಾರು ಸಲ ಹಾಡಿಸಿ, ಮೂರು ತಾಸಿನ ಟೇಪನ್ನು ಹೆಚ್ಚುಕಡಿಮೆ ಪೂರ್ತಿ ತುಂಬಿಸಿದ್ದ.

ಆದರೆ ಮೈಕಿಗೆ ಅವಳ ದನಿಗಿಂತ ಕಲ್ಲಿನ ದನಿಯೇ ಹೆಚ್ಚು ಕೇಳಿತ್ತು. "ಕಲ್ಲ ಬಾಳ ಒದರತೈತಿ. ಬ್ಯಾರೆ ದನಿ ಹಾಕ," ಎಂದ. ನಾನು ಮಿರಜಿನ ಆರ್ಕೆಸ್ಟ್ರಾದ ಹೆಂಗಸೊಬ್ಬಳನ್ನು ಕರೆಸಿ ಅದೇ ಹಾಡು ಹಾಡಿಸಿ ಕೂಡಿಸಿದೆ. ರೂಢಿಯಂತೆ ರುಕ್ಮವ್ವನ ದನಿಯನ್ನು ಅಳಿಸಿದೆ. ಕ್ಯಾಮೆರಾದ ಟೇಪನ್ನು ಧರೆಪ್ಪ ಮರುತಿಂಗಳೇ ಅಥಣಿಯ ಒಂದು ಮದುವೆಗೆ ಮತ್ತೆ ಬಳಸಿದ. ನಾವೆಲ್ಲ ಹಾಗೇ ಮಾಡುತ್ತಿದ್ದೆವು.

ಟಿವಿ ಮುಂದೆ ಕೂತ ರುಕ್ಮವ್ವ, "ಮಾರಿ ನಂದು, ದನಿ ಯಾರದ್ರಿ ಇದು?" ಎಂದಳು. ನಾವು ನಕ್ಕೆವು. ಅವಳೂ ನಕ್ಕಳು. ಆಮೇಲೆ ಅವಳು ಮನೆಯಲ್ಲಿ ಹಾಡಿದ್ದನ್ನು ತಾನು ಕೇಳಲೇ ಇಲ್ಲವೆಂದು ಧರೆಪ್ಪ ನನಗೆ ಹೇಳಿದ್ದು ಅವಳು ಸತ್ತ ಮೇಲೆ.

ಮೂರು ವರ್ಷಕ್ಕೆ ಕಾಮಾಲೆಯಾಗಿ ಹೋಗಿಬಿಟ್ಟಳು. ಮಕ್ಕಳಿರಲಿಲ್ಲ. ಧರೆಪ್ಪ ಮದುವೆ ಹಿಡಿಯುವುದನ್ನು ಬಿಟ್ಟ. ಮಧ್ಯಾಹ್ನದ ಬಸ್ಸಿಗೆ ಬಂದು ನನ್ನ ಅಂಗಡಿಯಲ್ಲಿ ಆ ಹಾಡು ಹಚ್ಚಿಕೊಂಡು ಕೂರುವುದೇ ಅವನ ಕೆಲಸವಾಯಿತು. ನಿಲ್ಲಿಸುವುದು, ಹಿಂದೆ ತಿರುಗಿಸುವುದು, ತುಟಿ ನೋಡುವುದು.

"ಎಷ್ಟ್ ಸಲಾ ತಿರಗಸ್ತೀಯೋ? ಟೇಪ್ ಸವದ ಹೋಗ್ತೈತಿ!" ಎಂದು ರೇಗಿದೆ.

"ಆಕಿ ದನಿ ಹೆಂಗಿತ್ತಂತ ಮರತ ಹೊಂಟೇನಿ ದಾದಾ. ನೆನಸಾಕ ಹ್ವಾದ್ರ ಈ ಮಿರಜಿನಾಕೀನ ಹಾಡತಾಳ."

ಚಹಾ ತರುತ್ತೇನೆಂದು ಎದ್ದು ಹೊರಗೆ ಹೋದೆ.

ಒಂದು ದಿನ ಚಿತ್ರ ನಿಲ್ಲಿಸಿ ನನ್ನನ್ನು ಕೂಗಿದ. "ಇಲ್ಲಿ ಬಾ! ಮೊದಲಿನ ಚಿತ್ರದಾಗ ಬೆಳಕ ಬಾಗಲದಿಂದ ಅಡ್ಡ ಬಿದ್ದೈತಿ. ಅಂದ್ರ ಬೆಳಿಗ್ಗೆ. ಕಡೇದರಾಗ ನೋಡ, ಬೆಳಕಿಂಡಿಯಿಂದ ಬಿಸಿಲ ನೆಟ್ಟಗ ಕಲ್ಲಿನ ಮ್ಯಾಲ ಇಳದೈತಿ. ನಡು ಮಧ್ಯಾಹ್ನ. ಇದು ಟೇಪಿನ ತುದಿಗೆ ಇರಬೇಕು. ಅಥಣಿ ಮದವಿ ಟೇಪಿನ ತುದೀತನಕ ಹೋಗಿರಲಿಲ್ಲೋ ಏನೋ, ಹಂಗಿದ್ರ ಆಕಿ ದನಿ ಇನ್ನೂ ಉಳದಿರಬೇಕು!"

ಮಾಳಿಗೆಯ ಬೆಳಕಿಂಡಿಯೊಳಗಿಂದ ಬಿದ್ದ ಅಂಗೈಯಗಲದ ಬಿಸಿಲು ನೋಡಿ ಇಷ್ಟು ಲೆಕ್ಕ ಹಾಕಿದ್ದ. ಹುಚ್ಚನೆಂದು ಅವನನ್ನು ಆಡಿಕೊಂಡವರ ಬಾಯಿಗೆ ಮಣ್ಣು ಹಾಕಬೇಕು, ನನ್ನ ಬಾಯಿಗೂ ಸೇರಿಸಿ.

ನಮ್ಮ ಕಡೆ ಕೆಲವು ಮದುವೆಯವರಿಗೆ ಮಿಕ್ಸಿಂಗಿನವರ ಮೇಲೆ ಭಾರಿ ಗುಮಾನಿ. ಎಲ್ಲಿ ತಮ್ಮ ಮಾವನ ಮುಖ ಕತ್ತರಿಸಿದ್ದಾರೋ ಎಂದು ಮೂಲ ಟೇಪನ್ನೂ ಹಟ ಮಾಡಿ ಒಯ್ಯುತ್ತಿದ್ದರು. ಅಥಣಿಯವರೂ ಹಾಗೇ ಒಯ್ದಿದ್ದರು, ಟೇಪು ಅಲ್ಲೇ ಇತ್ತು. ಮದುಮಗಳ ತಾಯಿ ಸೋನಾಬಾಯಿ ಅದನ್ನು ಸೀರೆಗಳ ನಡುವಿನಿಂದ ತೆಗೆದು, "ನೋಡಿ ತಂದ್ ಕೊಡ್ರಿ. ಮ್ಯಾಲ ಏನೂ ಬರಸಬ್ಯಾಡ್ರಿ ಮತ್ತ," ಎಂದು ಕೊಟ್ಟಳಂತೆ. ಧರೆಪ್ಪ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದ.

ಟೇಪು ಹಚ್ಚಿದೆವು. ಅಕ್ಕಿಕಾಳು, ಊಟದ ಪಂಕ್ತಿ, ಹೆಣ್ಣು ಕಳಿಸುವ ಅಳು. ಮದುವೆ ಮುಗಿಯಿತು. ಪರದೆ ತುಂಬ ಬಿಳಿ ಚುಕ್ಕೆ ಎದ್ದವು, ಆಮೇಲೆ ಬೀಸುಕಲ್ಲು ಬಂತು. ಹಾಡು ಆಗಲೇ ಮುಗಿದಿತ್ತು. ಬಿಸಿಲಿನಲ್ಲಿ ಹಿಟ್ಟಿನ ದೂಳು ಹಾರುತ್ತಿತ್ತು. ರುಕ್ಮವ್ವ ಕಲ್ಲು ನಿಲ್ಲಿಸಿ, ಸೆರಗಿನಿಂದ ಕತ್ತು ಒರೆಸಿಕೊಂಡು, ನೇರ ನಮ್ಮನ್ನೇ ನೋಡಿದಳು.

"ರೀ, ಇನ್ನೊಂದ್ ಹಾಡ ಐತ್ರಿ. ನಮ್ಮವ್ವ ಕಲಿಸಿದ್ದು. ಹಾಡ್ಲ್ಯಾ?"

ಸ್ವಲ್ಪ ಒಡಕು ದನಿ, ಆದರೆ ಅವಳದೇ. ಕ್ಯಾಮೆರಾದ ಹಿಂದಿನಿಂದ ಧರೆಪ್ಪನ ದನಿಯೂ ಬಂತು. "ಸಾಕ್ ಬಿಡ. ಸುಮ್ನ ಟೇಪ್ ಹಾಳಾಗ್ತೈತಿ."

ಅಲ್ಲಿಗೆ ಪರದೆ ಕಪ್ಪಾಯಿತು.

ಧರೆಪ್ಪ ಕೈಸನ್ನೆ ಮಾಡಿದ, ನಾನು ಹಿಂದಕ್ಕೆ ತಿರುಗಿಸಿದೆ. ಈ ಸಲ ಟೇಪ್ ಸವೆಯುತ್ತದೆ ಅನ್ನಲಿಲ್ಲ. ರುಕ್ಮವ್ವ ಮತ್ತೆ ಕತ್ತು ಒರೆಸಿಕೊಂಡು ಕೇಳಿದಳು. ಅವಳು ಕೇಳಿದ್ದೇ ತಡ, ಧರೆಪ್ಪ ಸ್ಟೂಲಿನಿಂದ ಜಾರಿ ಟಿವಿಯ ಮುಂದೆ ಮೊಣಕಾಲೂರಿ ಕೂತ.

"ಹಾಡ ರುಕ್ಮವ್ವಾ, ಹಾಡ. ಟೇಪ್ ಬಾಳ ಐತಿ," ಎಂದ.

ಟಿವಿಯೊಳಗಿನ ಧರೆಪ್ಪ ಮಾತ್ರ ಸಾಕು ಬಿಡ ಅಂದ.