ಹಗೇವಿಗೆ ಇಳಿಸಿದ ದೀಪ

ಮುದುಕಿ ಹಿತ್ತಲಿನ ಕಲ್ಲುಚಪ್ಪಡಿ ಸರಿಸಿದ ಕೂಡಲೇ ನೆಲದೊಳಗಿನಿಂದ ಆ ವಾಸನೆ ಎದ್ದು ಬಂತು. ಹುಳಿ, ಮುಗ್ಗಲು, ಅದರೊಳಗೆ ಒಂದಿಷ್ಟು ಸಿಹಿ. ಚಹಾದ ಲೋಟ ಕೆಳಗಿಟ್ಟು ಗೋಡೆ ಹಿಡಿದುಕೊಂಡೆ. ಮೂವತ್ತು ವರ್ಷ ಈ ವಾಸನೆಯಿಂದ ತಪ್ಪಿಸಿಕೊಂಡು ತಿರುಗಿ, ಕೊನೆಗೆ ಚೀನಾದ ಉತ್ತರದ ಒಂದು ಸಣ್ಣ ಪಟ್ಟಣಕ್ಕೆ ಬಂದರೆ, ಅದು ನನಗಿಂತ ಮೊದಲೇ ಬಂದು ಕೂತಿತ್ತು. ರಾಯಚೂರಿನಲ್ಲಿ ಕೃಷಿ ಓದಿದವಳು ನಾನು. ಇಲ್ಲಿನ ಬೀಜ ಕೇಂದ್ರದಲ್ಲಿ ಜೋಳದ ತಳಿಗಳ ಕೆಲಸ. ಪಟ್ಟಣದ ಸುತ್ತ ಎತ್ತ ನೋಡಿದರೂ ಜೋಳ, ಆದರೆ ರೊಟ್ಟಿ ಬಡಿಯುವವರು ಒಬ್ಬರೂ ಇಲ್ಲ; ಬೆಳೆದದ್ದೆಲ್ಲ ಸಾರಾಯಿ ಭಟ್ಟಿಗೆ ಹೋಗುತ್ತದೆ. ಸಂತೆಯಲ್ಲಿ ಜನ ನನ್ನನ್ನು ನಿಂತು ನೋಡುತ್ತಾರೆ, ಸೊಪ್ಪು ಮಾರುವವಳು ಪ್ರತಿ ವಾರವೂ ನನ್ನ ಬಳೆ ಮುಟ್ಟಿ ನೋಡುತ್ತಾಳೆ. ಅವರ ಭಾಷೆಯಲ್ಲಿ ನನಗೆ ಎರಡು ವರ್ಷದ ಮಗುವಿನಷ್ಟು ಮಾತು ಬರುತ್ತದೆ. ಬಾಡಿಗೆ ಮನೆಯ ಈ ಮುದುಕಿಯನ್ನು ನೈನಾಯ್ ಎನ್ನುತ್ತೇನೆ, ಅಂದರೆ ಅಜ್ಜಿ. ಅವತ್ತು ಅವಳು ಗೆಣಸು ತುಂಬಿಡುವ ನೆಲಗುಂಡಿಯನ್ನು ತೆರೆದು, ಒಂದು ಡಬ್ಬಿಯಲ್ಲಿ ಮೇಣದಬತ್ತಿ ಹಚ್ಚಿಟ್ಟು, ಅದಕ್ಕೆ ಕಟ್ಟಿದ ದಾರವನ್ನು ನನ್ನ ಕೈಗೆ ಕೊಟ್ಟಳು. ಅವಳ ಸೊಸೆ ಬುಟ್ಟಿ ಹಿಡಿದು ಇಳಿಯಲು ಸಿದ್ಧವಾಗಿ ನಿಂತಿದ್ದಳು.

ಮಾನ್ವಿ ಕಡೆಯ ಕುರ್ಡಿಯಲ್ಲಿ, ನಮ್ಮ ಮನೆಯ ಅಂಗಳದಲ್ಲೂ ನೆಲಕ್ಕೆ ಇಂಥದೇ ಒಂದು ಬಾಯಿ ಇತ್ತು. ಹಗೇವು ಎನ್ನುತ್ತಿದ್ದೆವು. ಸುಗ್ಗಿಯ ಬಿಳಿಜೋಳವನ್ನು ಅದರಲ್ಲಿ ಸುರಿದು, ಮೇಲೆ ಹೊಟ್ಟು ಹರಡಿ, ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮತ್ತೆ ತೆರೆಯುವುದು ಶ್ರಾವಣದ ಹೊತ್ತಿಗೆ. ಹಗೇವಿನ ಜೋಳದ ರೊಟ್ಟಿಗೆ ಒಂದು ಹುಳಿ ಘಮ ಇರುತ್ತದೆ. ತಿಂದವರಿಗೆ ಹೇಳಬೇಕಿಲ್ಲ, ತಿನ್ನದವರಿಗೆ ಹೇಳಿ ಉಪಯೋಗವಿಲ್ಲ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಹಗೇವಿನ ಕಲ್ಲು ತೆಗೆದ ದಿನ ಅದರ ಮುಂದೆ ಯಾರೂ ಕೆಟ್ಟ ಮಾತು ಆಡಬಾರದು, ಸಾವಿನ ಸುದ್ದಿ ಎತ್ತಬಾರದು ಎಂಬುದು ಆಯಿಯ ಕಟ್ಟಪ್ಪಣೆ. ಕಲ್ಲಿಗೆ ವಿಭೂತಿ ಹಚ್ಚಿ, ಹಳೆಯ ತಕ್ಕಡಿಯ ಒಂದು ತಟ್ಟೆಯಲ್ಲಿ ಎಣ್ಣೆದೀಪ ಇಟ್ಟು, ಹಗ್ಗ ಕಟ್ಟಿ ಒಳಗಿನ ಜೋಳ ಮುಟ್ಟುವವರೆಗೆ ಇಳಿಸುವುದು ಮನೆಯ ಹೆಣ್ಣುಮಗಳ ಕೆಲಸ. ದೀಪ ಯಾಕೆ ಇಳಿಸುತ್ತಾರೆಂದು ಹೇಳಬೇಕಾದರೆ ಒಳಗೆ ಕೂತ ವಿಷಗಾಳಿಯ ಮಾತು ಬರುತ್ತದೆ, ಇಳಿದು ಸತ್ತವರ ಹೆಸರು ಬರುತ್ತದೆ. ಹಾಗಾಗಿ ನನಗೆ ಯಾರೂ ಹೇಳಲಿಲ್ಲ. ಅದನ್ನು ಪೂಜೆ ಎಂದುಕೊಂಡಿದ್ದೆ. ದೀಪದ ಬಗ್ಗೆ ನನಗೆ ಗೊತ್ತಿದ್ದದ್ದು, ದೇವರ ಗೂಡಿನ ಮುಂದೆ ಆಯಿ ದಿನಾ ಸಂಜೆ ಹೇಳುತ್ತಿದ್ದ ಒಂದೇ ಮಾತು: "ಹೆಣ್ಣುಮಗಳ ಕೈಯಾಗ ದೀಪ ಆರಬಾರ್ದು ತಂಗಿ, ಮನಿಗೆ ಛಲೋ ಅಲ್ಲ."

ಅಲ್ಲಿಯವರೆಗೆ ದೀಪ ಇಳಿಸುತ್ತಿದ್ದವಳು ನಮ್ಮ ಅತ್ತೆ, ಅಪ್ಪನ ತಂಗಿ. ಅವಳನ್ನು ದೇವದುರ್ಗದ ಕಡೆ ಮಸರಕಲ್‌ಗೆ ಕೊಟ್ಟ ಮೇಲೆ ಆ ಕೆಲಸ ಒಂಬತ್ತು ವರ್ಷದ ನನ್ನ ಪಾಲಿಗೆ ಬಂತು. ಹೊಸ ಲಂಗ ಉಟ್ಟು ಬೆಳಿಗ್ಗೆಯಿಂದ ಅಂಗಳದಲ್ಲೇ ಸುಳಿದಾಡಿದೆ. ಹಗೇವು ತೆರೆದರೆ ಒಂದು ದಿನವಾದರೂ ಹಾಗೇ ಬಿಡುವುದು ರೂಢಿ. ಆದರೆ ಅವತ್ತು ಪಡುವಣದಲ್ಲಿ ಮೋಡ ಕಪ್ಪಾಗಿ ಕಟ್ಟಿತ್ತು, ಒಳಗೆ ನೀರು ಬಿದ್ದರೆ ವರ್ಷದ ಜೋಳ ಹಾಳು. "ಲಗೂ ಮುಗಸ್ರೋ, ಮಳಿ ಬರಾಕತ್ತದ," ಎಂದು ಆಯಿ ಅಡುಗೆಮನೆಯಿಂದಲೇ ಎರಡು ಸಲ ಕೂಗಿದಳು. ಇಳಿಯಬೇಕಾದವನು ಬಸಣ್ಣ ಕಾಕಾ, ಅಪ್ಪನ ತಮ್ಮ. ಮನೆಯಲ್ಲಿ ನನ್ನನ್ನು ಗೌರವ್ವಾ ಎಂದು ದೊಡ್ಡವರ ಹಾಗೆ ಕರೆಯುತ್ತಿದ್ದವನು ಅವನೊಬ್ಬನೇ. ಪ್ರತಿ ವರ್ಷ ಹಗೇವಿನ ಆಳದಿಂದ ನನ್ನ ಹೆಸರು ಕೂಗುತ್ತಿದ್ದ; ಕೊಡದೊಳಗಿನಿಂದ ಬಂದಂಥ ಆ ದಪ್ಪ ದನಿ ಕೇಳಲು ನಾನು ಬಾಯಿಯ ಅಂಚಿನಲ್ಲಿ ಬೋರಲು ಮಲಗಿ ಕಾಯುತ್ತಿದ್ದೆ.

ಕಾಕಾ ಚೀಲ ತರಲು ಕೊಟ್ಟಿಗೆಯ ಕಡೆ ಹೋದ. ನಾನು ಹಗ್ಗ ಬಿಡುತ್ತಾ ಹೋದೆ. ಅರ್ಧ ದಾರಿಯಲ್ಲೇ ದೀಪ ಸಣ್ಣಗಾಯಿತು, ನೀಲಿಯಾಯಿತು, ಆರಿತು. ಯಾರೂ ಊದಿದಂತಿರಲಿಲ್ಲ, ಸುಮ್ಮನೆ ಆರಿತು. ಮೊದಲ ಸಲವೇ ನನ್ನ ಕೈಯಲ್ಲಿ ದೀಪ ಆರಿತಲ್ಲ, ಆಯಿಗೆ ಏನು ಹೇಳಲಿ? ಸರಸರನೆ ಮೇಲೆಳೆದು, ಕಡ್ಡಿ ಗೀರಿ ಮತ್ತೆ ಹಚ್ಚಿದೆ. ಈ ಸಲ ಒಂದೇ ಒಂದು ಮೊಳ ಇಳಿಸಿ, ಹಗ್ಗ ಬಿಗಿಯಾಗಿ ಹಿಡಿದು, ಕಾಕಾನ ಹೆಜ್ಜೆ ಕೇಳಿದೊಡನೆ ಎತ್ತಿಕೊಂಡೆ.

"ಏನ್ಬೇ ಗೌರವ್ವಾ, ಉರೀತೇನು?"

"ಹೂಂ ಕಾಕಾ. ನೋಡಿಲ್ಲಿ, ಉರ್ಯಾಕತ್ತದ."

"ಶಾಣ್ಯಾಕಿ ನೋಡು ನಮ್ಮಾಕಿ," ಎಂದು ನನ್ನ ತಲೆಯ ಮೇಲೆ ಕೈಯಿಟ್ಟು, ಅದೇ ಕೈಯನ್ನು ಅಂಚಿಗೆ ಊರಿ ಇಳಿದ. ನಾನು ಬೋರಲು ಮಲಗಿ ಕಾದೆ. ದನಿ ಬರಲಿಲ್ಲ. ಆಟ ಆಡುತ್ತಿದ್ದಾನೆ ಎಂದುಕೊಂಡು ನಕ್ಕೆ. ಹೌದು, ನಕ್ಕೆ, ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಮಳೆಯ ಮೊದಲ ಹನಿಗಳು ಬೆನ್ನ ಮೇಲೆ ಬಿದ್ದವು. ಹಿಟ್ಟಿನ ಕೈಯಲ್ಲೇ ಆಯಿ ಹೊರಗೆ ಬಂದಳು.

ಆಮೇಲೆ ಯಾರೂ ಇಳಿಯುವ ಧೈರ್ಯ ಮಾಡಲಿಲ್ಲ. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯಿಂದ ಕಾಕಾನನ್ನು ಎತ್ತಿದರು. ಮುದುಕಿ ಮಳೆಗೆ ಹೆದರಿ ಅವಸರ ಮಾಡಿದಳು, ಮಗನನ್ನು ನುಂಗಿದಳು ಎಂದು ಊರು ಆಡಿಕೊಂಡಿತು. ನಾನು ಬಾಯಿ ಬಿಡಲಿಲ್ಲ. ಆ ವರ್ಷವೇ ಹಗೇವಿಗೆ ಕಲ್ಲುಮಣ್ಣು ತುಂಬಿದರು. ಅಪ್ಪ ನಮ್ಮನ್ನೆಲ್ಲ ರಾಯಚೂರಿಗೆ ಕರೆದುಕೊಂಡು ಬಂದ, ಕುರ್ಡಿಯ ಮನೆ ಬೇರೆಯವರದಾಯಿತು. ಆಯಿ ಮತ್ತೆ ಜೋಳದ ರೊಟ್ಟಿ ಬಾಯಿಗಿಡಲಿಲ್ಲ. ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ, ಕಾಲೇಜಿನಿಂದ ಬಂದ ನನ್ನನ್ನು ಹತ್ತಿರ ಕೂಡಿಸಿಕೊಂಡು ಕೇಳಿದಳು.

"ಅವತ್ತು ದೀಪ ಉರದಿತ್ತಲ್ಲೇನ್ ತಂಗಿ?"

"ಹೂಂ ಆಯಿ."

"ಹಂಗಾದ್ರ ಊರ ಮಂದಿ ಅಂದದ್ದ ಖರೆ, ನನ್ನ ಅವಸರಾನ ಅವನ್ನ ನುಂಗಿತು," ಎಂದು ಗೋಡೆಯ ಕಡೆ ತಿರುಗಿದಳು. ಮತ್ತೆ ಈ ಕಡೆ ತಿರುಗಲಿಲ್ಲ.

ಇದೆಲ್ಲ ಇಲ್ಲಿ, ಈ ಪರದೇಶದ ಹಿತ್ತಲಿನಲ್ಲಿ, ದಾರ ಬಿಡುತ್ತಿದ್ದಾಗ ಬೆರಳುಗಳಿಗೆ ನೆನಪಾಯಿತು. ಮೇಣದಬತ್ತಿ ಸಣ್ಣಗಾಯಿತು, ನೀಲಿಯಾಯಿತು, ಆರಿತು. ಕಲಿತ ನಾಲ್ಕು ಚೀನೀ ಮಾತುಗಳೂ ಆ ಕ್ಷಣ ಕೈಕೊಟ್ಟವು. "ದೀಪ ಆರ್ತು! ಇಳೀಬ್ಯಾಡ್ರಿ, ದೀಪ ಆರ್ತು!" ಎಂದು ಸೊಸೆಯ ತೋಳು ಹಿಡಿದು ಕಿರುಚಿದೆ. ಅವಳು ಗಾಬರಿಯಿಂದ ನನ್ನ ಮುಖ ನೋಡಿದಳು. ನೈನಾಯ್ ಬಗ್ಗಿ ಗುಂಡಿಯೊಳಗೆ ನೋಡಿದಳು, ಡಬ್ಬಿ ಮೇಲೆತ್ತಿದಳು, ಎರಡು ಮಣೆ ತಂದು ಒಂದರ ಮೇಲೆ ನನ್ನನ್ನು ಕೂಡಿಸಿದಳು. ಬೈಯಲಿಲ್ಲ, ಯಾರ ಕೈಯಲ್ಲಿ ಆರಿತು ಎಂದು ಕೇಳಲೂ ಇಲ್ಲ. ಸೊಸೆ ಬುಟ್ಟಿ ಇಳಿಸಿ ಮೊಬೈಲು ನೋಡುತ್ತಾ ನಿಂತಳು. ಇಷ್ಟೇ ಇತ್ತು ಮಾಡಬೇಕಾದದ್ದು: ಕೂತು ಕಾಯುವುದು. ನಾನು ಅಳುತ್ತಾ, ಅವತ್ತು ದೀಪ ಆರಿತ್ತು ಆಯಿ, ನಿನ್ನ ತಪ್ಪಲ್ಲ, ನಾನು ಸುಳ್ಳು ಹೇಳಿದೆ ಎಂದು ಆ ಮುದುಕಿಗೆ ಕನ್ನಡದಲ್ಲೇ ಹೇಳಿದೆ. ಒಂದಕ್ಷರ ತಿಳಿಯದಿದ್ದರೂ ಅವಳು ತಲೆಯಾಡಿಸುತ್ತಾ ನನ್ನ ಕೈ ತಿಕ್ಕುತ್ತಿದ್ದಳು.

ಮಧ್ಯಾಹ್ನ ಕಳೆದ ಮೇಲೆ ಹೊಸ ಬತ್ತಿ ಹಚ್ಚಿ, ದಾರವನ್ನು ಮತ್ತೆ ನನ್ನ ಕೈಗೇ ಕೊಟ್ಟಳು. ಈ ಸಲ ತಳ ಮುಟ್ಟುವವರೆಗೆ ಇಳಿಸಿದೆ, ತುಂಬ ಹೊತ್ತು ಅಲ್ಲೇ ಬಿಟ್ಟು ನೋಡಿದೆ. ಉರಿಯುತ್ತಲೇ ಇತ್ತು. ಸೊಸೆ ಇಳಿದಳು. ನಾನು ನೆಲದ ಮೇಲೆ ಬೋರಲು ಮಲಗಿ ಕಿವಿಗೊಟ್ಟೆ. ಸ್ವಲ್ಪ ಹೊತ್ತಿಗೆ, ಕೊಡದೊಳಗಿನಿಂದ ಬಂದಂತೆ, ದಪ್ಪ ದನಿಯಲ್ಲಿ ಕೆಳಗಿನಿಂದ ಅವಳು ಏನೋ ಕೂಗಿದಳು. ಏನೆಂದು ನನಗೆ ತಿಳಿಯಲಿಲ್ಲ. ಓ ಎಂದೆ.