ಏರು ಬಂತು, ಇಳೀಬೇಕು

ನೆಂಟರೇ, ಗೆಳೆಯರೇ, ಇವತ್ತು ಗೆಳೆಯ ಮುನಿವೆಂಕಟನಿಗೆ ರೈಲು ತಪ್ಪಿಸಿದವನು ನಾನೇ ಎಂದು ನನ್ನ ಮೊಮ್ಮಗಳು ರಮ್ಯ ಮನೆತುಂಬ ಸಾರುತ್ತಿದ್ದಾಳೆ. ಅದು ಅರ್ಧ ನಿಜ.

ಅವನು ಇನ್ನು ಮೈಸೂರಿನಲ್ಲಿ ಮಗಳ ಜೊತೆಯೇ ಇರಲು ಹೊರಟಿದ್ದ. ಊರಿಗಾಂನಿಂದ ಬಂಗಾರಪೇಟೆ ಸ್ಟೇಷನ್ನಿಗೆ ರಮ್ಯಳ ಕಾರಿನಲ್ಲಿ ಹೋಗುತ್ತಿದ್ದೆವು. ದಾರಿಯ ಏರು ಕಂಡದ್ದೇ ತಡ, ಅವನು ಬಾಗಿಲಿಗೆ ಕೈ ಹಾಕಿದ. "ನಿಲ್ಸಮ್ಮ, ಇಳೀಬೇಕು."

"ಯಾಕೆ ತಾತ, ವಾಂತಿನಾ?"

"ಏರು ಬಂತಲ್ಲಮ್ಮ!"

ಅರವತ್ತರ ದಶಕದಲ್ಲಿ ಇವನೂ ಇನ್ನಿಬ್ಬರು ಗೆಳೆಯರೂ ಬಿ.ಎ. ಮುಗಿಸಿದ ಬೇಸಿಗೆ, ಒಂದು ಹಳೇ ಕಾರಿನಲ್ಲಿ ಊರೂರು ಸುತ್ತಿದ್ದೆವು. ಕಾಲೇಜು ಕಾಣದ ನಾನೇ ಡ್ರೈವರ್. ಏರಿನಲ್ಲಿ ಇಂಜಿನ್ ಕುದಿಯುತ್ತಿತ್ತು. ಹಾಗಾಗಿ ಮೂವರು ಪದವೀಧರರೂ ಇಳಿದು ಹಿಂದೆ ನಡೆದು ಬರಬೇಕೆಂಬುದು ನನ್ನ ಕಾನೂನು. ಆ ಇನ್ನಿಬ್ಬರು ಈಗಿಲ್ಲ.

"ಈ ಕಾರು ಸುಮ್ನೆ ಹತ್ತುತ್ತೆ ತಾತ. ರೈಲು ಹೋಗ್ಬಿಡುತ್ತೆ!" ಎಂದಳು ರಮ್ಯ.

ಅವನು ಆಗಲೇ ಇಳಿದಿದ್ದ. "ನೀನೂ ಇಳೀಲಾ. ಆವಾಗ ಸ್ಟೇರಿಂಗ್ ಇಡ್ಕೊಂಡು ರಾಜನಂಗೆ ಕುಂತಿದ್ದೆ. ಒಂದಿನಾನೂ ನಮ್ ಜೊತೆ ನಡೀಲಿಲ್ಲ."

ನಿಜ. ಹಿಂದಿನಿಂದ ಅವರ ನಗು ಮಾತ್ರ ಕೇಳುತ್ತಿತ್ತು. ಯಾತಕ್ಕೆಂದು ನನಗೆ ತಿಳಿದದ್ದೇ ಇಲ್ಲ. ಇಳಿದು ಅವನ ತೋಳು ಹಿಡಿದು ನಡೆದೆ. ರಮ್ಯಳ ಕಾರು ಆಮೆಯಂತೆ ನಮ್ಮ ಹಿಂದೆ.

"ಅಷ್ಟೊಂದು ಏನ್ಲಾ ನಗ್ತಿದ್ರಿ?" ಎಂದೆ.

"ನಿನ್ ಡ್ರೈವಿಂಗ್‌ಗೆ ಕಣ್ಲಾ."

ಮೇಲೆ ತಲುಪುವಷ್ಟರಲ್ಲಿ ರೈಲಿನ ಹೊತ್ತು ಮೀರಿತ್ತು. ನಾಳೆಯೂ ಒಂದು ರೈಲಿದೆಯಂತೆ. ಏರೂ ಅಲ್ಲೇ ಇರುತ್ತದಲ್ಲ.